ಸ್ಪೀಕರಿಗಾಗಿ ಖಾಲಿಯಾದ ಸೈಡ್ ಬಾಕ್ಸು

ದ್ಯಾಮಣ್ಣನ ಬೈಕಿನ ಸೈಡ್ ಬಾಕ್ಸಿಗೆ ಹೊಟ್ಟೆ ತುಂಬ ಸಂಸಾರ: ಸ್ಪ್ಯಾನರು, ಪಂಕ್ಚರ್ ಸಾಮಾನು, ಗಾಳಿ ಹಾಕುವ ಪಂಪು, ರೇನ್‌ಕೋಟು. ಒಂದು ದಿನ ದ್ಯಾಮಣ್ಣ ಅದರ ಮುಚ್ಚಳಕ್ಕೆ ದುಂಡಗೆ ತೂತು ಕೊರೆದು ಸ್ಪೀಕರ್ ಕೂರಿಸಿದ.

ಕೂತ ಗಳಿಗೆಯಲ್ಲೇ ಸ್ಪೀಕರ್ ಹುಕುಂ ಹೊರಡಿಸಿತು: "ಈ ಸ್ಪ್ಯಾನರು ಗಡಗಡ ಅನ್ನುತ್ತದೆ, ಆಚೆ ಕಳಿಸು. ರೇನ್‌ಕೋಟು ನನ್ನ ದನಿ ನುಂಗುತ್ತದೆ, ಅದೂ ಬೇಡ. ನನ್ನ ಸದ್ದು ತುಂಬಿ ಬರಬೇಕಾದರೆ ನಿನ್ನ ಹೊಟ್ಟೆ ಖಾಲಿ ಇರಬೇಕು."

"ದಾರಿಯಲ್ಲಿ ಪಂಕ್ಚರ್ ಆದರೆ?" ಎಂದಿತು ಬಾಕ್ಸು.

"ನಾನಿಲ್ಲವೇ? ಒಂದು ಕೂಗು ಹಾಕಿದರೆ ಎರಡು ಮೈಲಿ ಆಚೆಯವರೂ ಓಡಿ ಬರುತ್ತಾರೆ."

ದ್ಯಾಮಣ್ಣನಿಗೂ ಹಾಗೇ ಅನ್ನಿಸಿ, ಸಾಮಾನನ್ನೆಲ್ಲ ಮನೆಯಲ್ಲೇ ಇಳಿಸಿದ.

ಘಾಟಿಯ ನಡುವೆ ಹಿಂದಿನ ಚಕ್ರ ಠುಸ್ಸೆಂದಿತು. "ಈಗ ಕೂಗಪ್ಪಾ!" ಎಂದಿತು ಬಾಕ್ಸು. ಸ್ಪೀಕರಿಗೆ ಬರುತ್ತಿದ್ದದ್ದು ಹಾಡೊಂದೇ. ಅದು ಬೆಟ್ಟ ನಡುಗುವಂತೆ ಮದುವೆ ದಿಬ್ಬಣದ ಹಾಡು ಎತ್ತಿಕೊಂಡಿತು. ದ್ಯಾಮಣ್ಣ ಎರಡೂ ಕೈ ಬೀಸಿ ಕರೆದರೆ, ಇವನು ಕುಣಿಯುತ್ತಿದ್ದಾನೆಂದುಕೊಂಡು ಲಾರಿಯವನೊಬ್ಬ ತಾಳಕ್ಕೆ ಸರಿಯಾಗಿ ಹಾರನ್ ಬಾರಿಸಿ ಹೋದ. ಜೀಪಿನವರು ಶಿಳ್ಳೆ ಹೊಡೆದು ಹೋದರು.

"ನೋಡಿದೆಯಾ, ಎಲ್ಲರಿಗೂ ಕೇಳಿಸಿತು!" ಎಂದು ಸ್ಪೀಕರ್ ಬೀಗಿತು.

ಬಾಕ್ಸಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಚಚ್ಚಿಕೊಳ್ಳೋಣವೆಂದರೆ ಹಣೆಯಲ್ಲೇ ಸ್ಪೀಕರ್ ಕೂತಿತ್ತು.

"ಕೇಳಿಸಿತು ಮಹಾರಾಯ, ಊರಿಗೆಲ್ಲ ಕೇಳಿಸಿತು! ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಿದ್ದ ಆ ಪಂಕ್ಚರ್ ಸಾಮಾನು, ಪಂಪು ಇದ್ದಿದ್ದರೆ, ಇಷ್ಟು ಹೊತ್ತಿಗೆ ಘಾಟಿ ಇಳಿದಿರುತ್ತಿದ್ದೆವು."