ಸೀಬಮ್ಮನ ಪತ್ರದ ಹಸಿರು

ಚಿತ್ರಗಾರ್ತಿ ಸೀಬಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕು ಆಶ್ರಮದ ಗ್ರಂಥಭಂಡಾರಕ್ಕೆ ಬಂತು. ಪ್ರಾರ್ಥನಾ ಮಂದಿರದ ಗೋಡೆಯ ಮೇಲಿನ ನದಿಯನ್ನು ಬರೆದವಳು ಅವಳೇ.

ಟ್ರಂಕಿನ ತುಂಬ ಕರಡು ಚಿತ್ರಗಳು, ಬಣ್ಣ ಅರೆಯುವ ವಿಧಾನ ಬರೆದ ಚೀಟಿಗಳು, ಕಾಗದಪತ್ರ. ಇದ್ದ ಕ್ರಮದಲ್ಲೇ ಹಾಳೆಗೊಂದು ಅಂಕಿ ಹಾಕಬೇಕು, ಪಟ್ಟಿ ಬರೆಯಬೇಕು, ಒಂದನ್ನೂ ಬಿಡಬಾರದು. ಆ ನಿಯಮ ಮಾಡಿದವರು ಗುರುಗಳು. ಕೆಲಸ ಬಿದ್ದದ್ದು ಶಿಷ್ಯ ನಂಜುಂಡನಿಗೆ. ಮರುದಿನ ಬೆಳಿಗ್ಗೆ ಭಂಡಾರವನ್ನು ಓದುಗರಿಗೆ ತೆರೆಯುವುದೆಂದು ಗೊತ್ತಾಗಿತ್ತು.

ಹದಿನೇಳು ಹಾಳೆ ಸುಗಮವಾಗಿ ಸಾಗಿತು. ಆಮೇಲಿನದು ಒಂದು ಪತ್ರದ ನಕಲು.

'ಗುರುಗಳೇ, ಎರಡು ವರ್ಷ ಆ ಗೋಡೆಯ ಮುಂದೆ ನಿಂತೆ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ನನ್ನ ಹೆಸರು ಬರೆದೆ. ಆಶ್ರಮದಲ್ಲಿ ಕೆಲಸಕ್ಕೆ ಹೆಸರಿಲ್ಲ ಎಂದು ಒರೆಸಿ ಹಾಕಿಸಿದಿರಿ. ನಿಮ್ಮ ಪುಸ್ತಕಗಳ ಮೇಲೆ ಯಾರ ಹೆಸರಿದೆ?'

ನಂಜುಂಡ ಅತ್ತಿತ್ತ ನೋಡಿದ. ಪತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಮುಂದಿನ ಹಾಳೆಗೆ ಹದಿನೆಂಟು ಎಂದು ಬರೆದ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನೀರು ಕುಡಿದ. ಬಂದು ಕೂತ. ಮತ್ತೆ ಎದ್ದು ನದಿಯ ಮೆಟ್ಟಿಲವರೆಗೆ ಹೋದ. ಪತ್ರವನ್ನು ಹೊರಗೆಳೆದ, ನೀರನ್ನು ನೋಡಿದ, ಒಳಗಿಟ್ಟುಕೊಂಡು ಹಿಂದಿರುಗಿದ.

ಊಟಕ್ಕೆ ಕೂತಾಗ ಗುರುಗಳು ಕೇಳಿದರು: "ಏನೋ ನಂಜುಂಡ, ಚಾಪೆಯಲ್ಲಿ ಇರುವೆ ಸೇರಿಕೊಂಡಿವೆಯೇನು?"

"ಇಲ್ಲ ಗುರುಗಳೇ. ಸೆಕೆ."

"ಸೆಕೆಗೆ ಜನ ಬೆವರುತ್ತಾರೆ. ನೀನು ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದೀಯ."

ಊಟವಾದ ಮೇಲೆ ಅವರೇ ಭಂಡಾರಕ್ಕೆ ಬಂದು ಒಂದೊಂದೇ ಹಾಳೆ ತಿರುವಿದರು. ಹೆಚ್ಚಿನವಕ್ಕೆ ಬಣ್ಣದ ಗೀಟುಗಳಿದ್ದವು. ಗೋಡೆಗೆ ಹಚ್ಚುವ ಮೊದಲು ಕೈಗೆ ಸಿಕ್ಕ ಕಾಗದದ ಮೇಲೆ ಕುಂಚ ಎಳೆದು ನೋಡುವುದು ಸೀಬಮ್ಮನ ರೂಢಿ. ಹಸಿ ಆರುವ ಮೊದಲೇ ಅದರ ಮೇಲೆ ಇನ್ನೊಂದನ್ನು ಒಟ್ಟಿಬಿಡುವುದು ಅವಳ ಆತುರ.

ಹದಿನೆಂಟರಲ್ಲಿ ಗುರುಗಳ ಕೈ ನಿಂತಿತು.

"ಈ ಹಸಿರು ಎಲ್ಲಿಂದ ಬಂತು?"

"ಆಯಮ್ಮನೇ ಹಚ್ಚಿರಬೇಕು."

"ಹಚ್ಚಿದ್ದಲ್ಲ, ಒತ್ತಿಕೊಂಡದ್ದು. ಕುಂಚದ ಗೀಟು ಹೀಗೆ ಮಬ್ಬಾಗಿರುವುದಿಲ್ಲ." ಹದಿನೇಳನ್ನು ಬೋರಲು ಹಾಕಿದರು. ಅದರ ಬೆನ್ನು ಬೆಳ್ಳಗಿತ್ತು. "ಇವೆರಡರ ನಡುವೆ ಹಸಿರು ಬಳಿದ ಇನ್ನೊಂದು ಹಾಳೆ ಇತ್ತು."

ನಂಜುಂಡ ಸೊಂಟಕ್ಕೆ ಕೈ ಹಾಕಿದ. ಪತ್ರವನ್ನು ತೆಗೆದು ಮುಂದಿಟ್ಟ. ಬೆನ್ನಿನ ಮೇಲೆ ಒಂದು ಗೇಣು ಹಸಿರು.

ಗುರುಗಳು ಅದನ್ನು ಓದಲಿಲ್ಲ.

"ಕದ್ದದ್ದು ಯಾಕೆ?"

"ನಿಮ್ಮ ಮಾನ ಉಳಿಸಲು."

"ನನ್ನ ಮಾನ ನಿನ್ನ ಸೊಂಟದಲ್ಲಿ ಎಷ್ಟು ದಿನ ಇರುತ್ತಿತ್ತು?"

"ಸುಟ್ಟುಬಿಡುತ್ತಿದ್ದೆ. ಈಗಲೂ ಹೂಂ ಅನ್ನಿ. ಒಲೆ ಇನ್ನೂ ಆರಿಲ್ಲ, ಯಾರಿಗೂ ತಿಳಿಯುವುದಿಲ್ಲ."

"ಇದು ನಕಲು. ಮೂಲ ನನ್ನ ಕೈಗೆ ಬಂದಿತ್ತು. ಅದನ್ನು ನಾನೇ ಸುಟ್ಟೆ, ಅದೇ ಒಲೆಯಲ್ಲಿ. ಇಪ್ಪತ್ತಾರು ವರ್ಷವಾಯಿತು."

ನಂಜುಂಡ ತಲೆ ಎತ್ತಿದ.

"ಸುಟ್ಟ ಮೇಲೆ ನೆಮ್ಮದಿ ಆಯಿತೇ?"

"ನಿನ್ನ ಹಾಗೆಯೇ ಎದ್ದು ಎದ್ದು ಓಡಾಡಿದೆ. ಪ್ರಾರ್ಥನೆಯಲ್ಲಿ ಆ ಮೂಲೆಯ ಕಡೆ ಬೆನ್ನು ಹಾಕಿ ಕೂರುವುದನ್ನು ಕಲಿತೆ. ನೀನು ಅದನ್ನು ನನ್ನ ವೈರಾಗ್ಯ ಅಂದುಕೊಂಡಿದ್ದೆ."

ಗುರುಗಳು ಪತ್ರದ ಮಡಿಕೆ ಬಿಡಿಸಿ, ಅಂಗೈಯಿಂದ ನೀವಿ, ಹದಿನೇಳರ ಕೆಳಗೆ ಇಟ್ಟರು. ಹಸಿರಿಗೆ ಹಸಿರು ಕೂತಿತು.

"ನಾಳೆ ಬಂದವರು ಇದನ್ನು ಓದುತ್ತಾರೆ, ಗುರುಗಳೇ."

"ಓದಲಿ."

"ಹದಿನೆಂಟರಿಂದ ಅಂಕಿಯೆಲ್ಲ ತಿದ್ದಬೇಕಾಗುತ್ತದೆ. ಇನ್ನೂರಕ್ಕೂ ಹೆಚ್ಚು ಹಾಳೆ."

"ತಿದ್ದು."

ನಂಜುಂಡ ಪಟ್ಟಿಯನ್ನು ಎಳೆದುಕೊಂಡ. ಹದಿನೆಂಟು ಎಂದು ಬರೆದ. ಲೇಖನಿ ಅಲ್ಲೇ ತಡೆಯಿತು.

"ಇದರ ಎದುರಿಗೆ ಏನೆಂದು ಬರೆಯಲಿ?"

ಗುರುಗಳು ಬಾಗಿಲಲ್ಲಿ ನಿಂತು, ಮಂದಿರದ ಗೋಡೆಯ ಕಡೆ ನೋಡುತ್ತ ಹೇಳಿದರು:

"ಪತ್ರ, ಒಂದು. ಉತ್ತರ ಇನ್ನೂ ಬಂದಿಲ್ಲ ಎಂದು ಬರೆ."