ತಗ್ಗು ಬಾಗ್ಲು, ಗೋಡೆ ಮೇಲಿನ ಹುಲಿ

ಕಾವೇರಿ ದಂಡೇಲಿ ಒಂದು ಊರು. ಆ ಊರಲ್ಲಿ ಒಂದು ಗರಡಿ. ಆ ಗರಡಿಗೆ ತಿಬ್ಬಯ್ಯ ಅಂತ ಒಬ್ಬ ಉಸ್ತಾದ್. ಉಸ್ತಾದ್ ಅಂದ್ರೆ ಕುಸ್ತಿ ಕಲಿಸೋ ಗುರು ಕಣ್ರಲಾ ಮಕ್ಳಾ. ಬೆನ್ನು ನೆಟ್ಟಗೆ ಮಾಡ್ಕೊಂಡು ಕೇಳಿ, ಕುಸ್ತಿ ಕಥೇನ ಗೂನು ಬೆನ್ನಲ್ಲಿ ಕೇಳಬಾರ್ದು.

ತಿಬ್ಬಯ್ಯನ ಮೀಸೆ ಮೇಲೆ ಎರಡು ನಿಂಬೆಹಣ್ಣು ನಿಲ್ತಿದ್ವು. ಬಾಯಿ ತೆಗೆದ್ರೆ ಅವನದೇ ಪ್ರತಾಪ. "ನನ್ನ ಗರಡಿ ಮಣ್ಣು ಮುಟ್ದೋನು ನಿದ್ದೇಲೂ ಬೆನ್ನು ನೆಲಕ್ಕೆ ತಾಕ್ಸಲ್ಲ" ಅಂತಿದ್ದ. ಪೂರ್ತಿ ಸುಳ್ಳೇನಲ್ಲ. ಅವನ ಶಿಷ್ಯ ಜವರೇಶ ಅಂಥ ಆಳು. ಆಳಲ್ಲ, ರಾಗಿ ಕಣಜ. ಗರಡಿ ಒಳಕ್ಕೆ ಬರ್ಬೇಕಾದ್ರೆ ಬೇರೆಯವ್ರು ತಲೆ ಬಗ್ಗಿಸಿದ್ರೆ ಇವನು ಸೊಂಟಾನೂ ಬಗ್ಗಿಸ್ಬೇಕಿತ್ತು. ಗರಡಿ ಬಾಗ್ಲೇ ಹಂಗೆ, ತಗ್ಗು. ಎಂಥಾ ದೊಡ್ಡ ಮನ್ಷ ಆದ್ರೂ ತಲೆ ತಗ್ಗಿಸಿಯೇ ಅಖಾಡದ ಕೆಮ್ಮಣ್ಣಿಗೆ ಕೈ ಮುಗೀಲಿ ಅಂತ ಹಿರೀಕರು ಹಂಗೆ ಕಟ್ಟಿದ್ರು.

ಜವರೇಶನಿಗೆ ಒಂದೇ ಕೊರಗು. ಜೋಡಿ ಇಲ್ಲ. ಕುಸ್ತಿ ಒಬ್ಬನೇ ಆಡೋ ಆಟ ಅಲ್ವಲ್ಲ. ಊರ ಹಬ್ಬದ ಕುಸ್ತಿಗೆ ಮುಂಚೆ ಉಸ್ತಾದ್‌ಗಳೆಲ್ಲ ಸೇರಿ, ತೂಕಕ್ಕೆ ತೂಕ, ಎತ್ರಕ್ಕೆ ಎತ್ರ ನೋಡಿ ಜೋಡಿ ಕಟ್ತಾರೆ. ಇವನ ಗಾತ್ರಕ್ಕೆ ಸುತ್ತಮುತ್ತ ಒಬ್ಬನೂ ಇರ್ಲಿಲ್ಲ. ಹೋದ ಹಬ್ಬಕ್ಕೂ ಅದರ ಹಿಂದಿನ ಹಬ್ಬಕ್ಕೂ ಅಂಗಿ ತೊಟ್ಕೊಂಡು ಅಖಾಡದ ಅಂಚಲ್ಲಿ ಕೂತು, ಮಂದಿ ಕುಸ್ತಿ ನೋಡಿ ಎದ್ದು ಬಂದಿದ್ದ.

"ಈ ಹಬ್ಬಕ್ಕೂ ಜೋಡಿ ಸಿಕ್ಲಿಲ್ಲ ಅಂದ್ರೆ ಲಂಗೋಟಿ ಬಿಚ್ಚಿಟ್ಬುಡ್ತೀನಿ ಉಸ್ತಾದ್ರೇ" ಅಂದ ಒಂದಿನ. "ಅಕ್ಕಿ ಗಿರಣೀಲಿ ಮೂಟೆ ಹೊರಕ್ಕೆ ಕರೀತಾವ್ರೆ. ಅಲ್ಲಾದ್ರೂ ಎತ್ತಿ ಹಾಕಕ್ಕೆ ಏನಾದ್ರೂ ಇರ್ತದೆ."

ತಿಬ್ಬಯ್ಯ ಕೈಲಿದ್ದ ಗದೆ ಕೆಳಗಿಟ್ಟ. ಮಗನಂಗೆ ಸಾಕಿದ ಪೈಲ್ವಾನ್ ಮೂಟೆ ಹೊರೋದಾ?

ಮನೇಲಿ ಸೊಸೆ ಸುಗುಣ ಕಂಪ್ಯೂಟರ್ ಕಲ್ತಿದ್ದೋಳು. "ಮಾವ, ಗರಡಿಗೊಂದು ವೆಬ್‌ಸೈಟು ಮಾಡ್ತೀನಿ. ಬೇರೆ ಗರಡಿಗಳವ್ರದ್ದೂ ಇದಾವೆ. ಅವರ ಲಿಂಕು ನಮ್ಮಲ್ಲಿ, ನಮ್ಮ ಲಿಂಕು ಅವ್ರಲ್ಲಿ. ಒಂದು ಗರಡಿ ನೋಡಕ್ಕೆ ಬಂದೋರು ಒತ್ತಿದ್ರೆ ಇನ್ನೊಂದು ಗರಡಿಗೆ ಹೋಯ್ತಾರೆ. ಹಂಗೆ ಎಲ್ಲೋ ಒಂದು ಕಡೆ ಜೋಡಿ ಸಿಗ್ತದೆ" ಅಂದ್ಲು.

"ಮಾಡವ್ವ, ಮಾಡು" ಅಂದ ತಿಬ್ಬಯ್ಯ. ಹೊಳೆ ಆಚೆ ಗರಡಿಯ ಬುಡೇನ್ ಸಾಬ್‌ಗೂ ಇನ್ನು ನಾಲ್ಕಾರು ಉಸ್ತಾದ್‌ಗಳಿಗೂ ಅವನೇ ಫೋನ್ ಮಾಡಿ, ನಿಮ್ಮ ಲಿಂಕೂ ಹಾಕ್ತೀವಿ ಅಂತ ಮಾತು ಕೊಟ್ಟ.

ಸುಗುಣ ಮಾಡಿ ತೋರ್ಸಿದ್ಲು. 'ಬೇರೆ ಗರಡಿಗಳು' ಅಂತ ಒಂದು ಪುಟ. ಅದಕ್ಕೆ ದಾರಿ ತಲೆಬರಹದ ಪಕ್ಕದಲ್ಲೇ, ಎದ್ದು ಕಾಣಂಗೆ. ನೋಡಿದ್ದೇ ತಡ, ತಿಬ್ಬಯ್ಯನ ಮೀಸೆ ನಿಮಿರ್ಕೊಂತು.

"ಏನವ್ವಾ ಇದು! ನಮ್ಮನೆ ಜಗುಲಿ ಮೇಲೆ ಆ ಬುಡೇನ್ ಸಾಬನ್ನ ತಂದು ಕೂರ್ಸಿದ್ದೀಯಲ್ಲ! ಬಂದೋರೆಲ್ಲ ಹಂಗಿಂದಂಗೆ ಅವನ ತಾವ ಹೋಗ್ಬುಟ್ರೆ? ಕುಸ್ತೀಲಿ ಯಾರಾದ್ರೂ ಪಟ್ಟು ಮುಂಚೇನೇ ತೋರಿಸ್ತಾರಾ? ಕೆಳಗೆ ಹಾಕು. ತೀರಾ ಕೆಳಗೆ. ಸಾಸಿವೆ ಕಾಳಷ್ಟು ಅಕ್ಷರದಲ್ಲಿ."

"ಯಾರಿಗೂ ಕಾಣಲ್ಲ ಮಾವ."

"ಬೇಕಾದೋನು ಬಗ್ಗಿ ನೋಡ್ತಾನೆ. ನಮ್ಮ ಗರಡಿ ಬಾಗ್ಲು ತಗ್ಗಿಲ್ವಾ? ಹಂಗೇ ಇದೂವೆ."

"ಮತ್ತೆ ಮೇಲೆ ಏನು ಹಾಕ್ಲಿ?"

"ನನ್ನ ಮೀಸೆ."

ಸರಿ, ಹಾಕಿದ್ಲು. ವೆಬ್‌ಸೈಟು ತೆಗೆದ್ರೆ ಈ ಕಿವಿಯಿಂದ ಆ ಕಿವಿವರ್ಗೂ ಮೀಸೆ. ಬೆರಳಿಂದ ಎಷ್ಟು ಸರಿಸಿದ್ರೂ ಮೀಸೆ ಮುಗೀದು. ಅದಾದ್ಮೇಲೆ ಜವರೇಶನ ಫೋಟೋ, ಗದೆಗಳ ಫೋಟೋ, ಆಮೇಲೆ ಮತ್ತೆ ಪಕ್ಕದಿಂದ ತೆಗೆದ ಮೀಸೆ.

ಹಬ್ಬ ಹತ್ರ ಬಂತು. ಒಂದು ಫೋನೂ ಬರ್ಲಿಲ್ಲ. ಜವರೇಶ ಗಿರಣಿ ಕಡೆ ಒಂದು ಸಲ ಹೋಗಿ ಬಂದ. ತಿಬ್ಬಯ್ಯ ಬಾಯಲ್ಲಿ ಜಂಬ ಕೊಚ್ತಾನೇ ಇದ್ದ, ತಟ್ಟೇಲಿ ಮಾತ್ರ ಮುದ್ದೆ ಹಂಗೇ ಉಳೀತಿತ್ತು.

ಒಂದು ಬೆಳಿಗ್ಗೆ ಗರಡಿ ಬಾಗ್ಲಲ್ಲಿ ಒಂದು ಬಿಳಿ ಟೋಪಿ ಬಗ್ಗಿತು. ಬುಡೇನ್ ಸಾಬ್! ಒಳಕ್ಕೆ ಬಂದೋನೇ ಮಣ್ಣು ಮುಟ್ಟಿ ಕಣ್ಣಿಗೊತ್ಕೊಂಡು, ನೆಟ್ಟಗೆ ನಿಂತ.

"ತಿಬ್ಬಯ್ಯ, ಮಾತಿಗೆ ತಪ್ಪಿದೋನು ಅಂತ ನಮ್ಮ ಹುಡುಗ್ರೆಲ್ಲ ನಿನ್ನ ಬೈತಾವ್ರೆ. ನಮ್ಮಲ್ಲಿ ನಿನ್ನ ಗರಡಿ ಹೆಸರು ಹಾಕಿದ್ವು. ನಿನ್ನಲ್ಲಿ ನಮ್ಮದಿಲ್ಲ. ಅವರು ಸಿಟ್ಟಿಗೆದ್ದು ನಿಂದೂ ಕಿತ್ತಾಕವ್ರೆ. ಬೆನ್ನ ಹಿಂದೆ ಬೈಯ್ಯೋದ್ಯಾಕೆ, ಮುಖ ನೋಡ್ಕೊಂಡೇ ಬೈಯ್ಯಾನ ಅಂತ ಬಂದೆ."

"ಯಾವನ್ಲಾ ಅವನು ತಿಬ್ಬಯ್ಯ ಮಾತಿಗೆ ತಪ್ದ ಅನ್ನೋನು! ಐತೆ ಕಣಯ್ಯ, ಬಗ್ಗಿ ನೋಡು."

ಬುಡೇನ್ ಸಾಬ್ ಕನ್ನಡಕ ಏರಿಸಿ, ಫೋನು ಮೂಗಿಗೆ ಹಿಡಿದು ನೋಡ್ದ. "ಮೀಸೆ ಐತೆ" ಅಂದ. ಇನ್ನೊಂದಿಷ್ಟು ಸರಿಸ್ದ. "ಇನ್ನೂ ಮೀಸೇನೇ."

"ತತ್ತಾ ಇಲ್ಲಿ!" ತಿಬ್ಬಯ್ಯ ಫೋನು ಕಿತ್ಕೊಂಡ. ಮೇಲಕ್ಕೆ ಹೋದ, ಕೆಳಕ್ಕೆ ಬಂದ. ಒತ್ತಬಾರದ್ದೆಲ್ಲ ಒತ್ತಿದ. ಬೆವರು ಕಿತ್ಕೊಂತು. ತಾನೇ ಹಾಕ್ಸಿದ ಲಿಂಕು ತನಗೇ ಸಿಗ್ಲಿಲ್ಲ! ಜವರೇಶ ಆ ಕಡೆ ತಿರುಗಿ ನಗು ನುಂಗ್ಕೊಂಡ.

ತಿಬ್ಬಯ್ಯ ಮಾತು ಮರೆಸಕ್ಕೆ ನೋಡ್ದ. "ಅದಿರ್ಲಿ, ನೀನು ಈ ಗಲ್ಲೀಲಿ ನಮ್ಮ ಗರಡಿ ಹೆಂಗೆ ಹುಡುಕ್ದೆ? ಮೊದ್ಲು ಬಂದೇ ಇರ್ಲಿಲ್ವಲ್ಲ."

"ಹುಡುಕೋದೇನು ಬಂತು? ಬೀದಿ ಆ ತುದೀಗೇ ಗೋಡೆ ಮೇಲಿನ ಹುಲಿಗಳು ಕಂಡ್ವು. ಸೀದಾ ಬಂದೆ, ಬಾಗ್ಲಲ್ಲಿ ಬಗ್ಗಿದೆ."

ತಿಬ್ಬಯ್ಯ ಎದ್ದು ಈಚೆಗೆ ಹೋದ. ಗರಡಿ ಗೋಡೆ ನೋಡ್ದ. ಬಾಗಿಲ ಎಡಕ್ಕೊಂದು ಬಲಕ್ಕೊಂದು ಹುಲಿ, ಅರಿಶಿನ ಬಣ್ಣದ ಮೇಲೆ ಕಪ್ಪು ಪಟ್ಟೆ, ಆಳೆತ್ರ. ಹುಟ್ದಾಗಿಂದ ನೋಡಿದ್ದ. ಈಗ ಕಂಡ.

ಆಮೇಲೆ ಪಕ್ಕದಲ್ಲೇ ಇದ್ದ ಮನೆ ಕಡೆ ತಿರುಗಿ ಗದೆ ಬೀಸಿದಂಗೆ ಕೂಗಿದ. "ಸುಗುಣಾ! ಬಾರವ್ವ ಈಚೆಗೆ! ಬಾಗ್ಲು ತಗ್ಗು ಮಾಡಿದ ಹಿರೀಕರು ಬಾಗ್ಲನ್ನ ಬಚ್ಚಿಡ್ಲಿಲ್ಲ ಕಣವ್ವ! ಪಕ್ಕದಲ್ಲಿ ಹುಲಿ ಬರೆಸವ್ರೆ! ಆ ಪುಟಾನ ಮೇಲಕ್ಕೆ ತಾ. ಅಖಾಡದ ಮಣ್ಣಿನ ಕೆಂಪು ಬಳಿ. ಎರಡೂ ಕಡೆ ಹುಲಿ ನಿಲ್ಸು!"

"ಮೀಸೆ, ಮಾವ?"

"ಮೀಸೆ ಎಲ್ಲಾದ್ರೂ ಹೋಗ್ಲಿ!"

ಬುಡೇನ್ ಸಾಬ್ ನೀರುಮಜ್ಜಿಗೆ ಕುಡಿದು ಮುಗಿಸೋದ್ರೊಳಗೆ ಸುಗುಣ ಮಾಡಿಬಿಟ್ಲು. ಈಗ ವೆಬ್‌ಸೈಟು ತೆಗೆದ್ರೆ ಮೊದಲು ಕಾಣೋದೇ ಎರಡು ಹುಲಿ, ನಡುವೆ ದಪ್ಪಕ್ಷರದಲ್ಲಿ 'ಬೇರೆ ಗರಡಿಗಳು, ಇಲ್ಲಿ ಬನ್ನಿ'. ಬುಡೇನ್ ಸಾಬ್ ತನ್ನ ಗರಡಿ ಹೆಸರಿನ ಮೇಲೆ ಬೆರಳಿಟ್ಟು ಒಂದು ಸಲ ಹೋಗಿ, ವಾಪಸ್ ಬಂದ. "ಶಾಬಾಶ್" ಅಂದ. ಸಂಜೆ ಊರು ಸೇರಿದ್ದೇ ತಿಬ್ಬಯ್ಯನ ಗರಡೀನ ತನ್ನ ವೆಬ್‌ಸೈಟಿನ ನೆತ್ತಿ ಮೇಲೆ ಕೂರ್ಸಿದ.

ಎರಡು ದಿನ ಕಳೀತು. ಕೊಳ್ಳೇಗಾಲದ ಕಡೆಯಿಂದ ಪುಟ್ಟಮಾದ ಅನ್ನೋ ಉಸ್ತಾದ್ ಫೋನ್ ಮಾಡ್ದ. "ಬುಡೇನ್ ಸಾಬ್ರ ಪುಟ ನೋಡ್ತಿದ್ದೆ ಉಸ್ತಾದ್ರೇ. ಅಲ್ಲಿಂದ ಒತ್ತಿದ್ರೆ ನಿಮ್ಮ ಗರಡಿ ಬಂತು. ನಿಮ್ಮ ಜವರೇಶನ ಫೋಟೋ ಕಂಡೆ. ನಮ್ಮಲ್ಲೂ ಒಬ್ಬ ಅವ್ನೆ. ಗಾಡಿ ಹಿಂದುಗಡೆ ಕೂತ್ರೆ ಎತ್ತೆರಡೂ ಮೇಲಕ್ಕೇಳ್ತವೆ. ಜೋಡಿ ಇಲ್ದೆ ಸೊರಗೋಯ್ತಾವ್ನೆ. ಬೇರೆ ಗರಡಿಗಳ್ನ ನೆತ್ತಿ ಮೇಲಿಟ್ಕೊಂಡೋರು ನೀವು, ನಮ್ಮನ್ನೂ ಸೇರಿಸ್ಕೋತೀರಿ ಅಂತ ಧೈರ್ಯ ಮಾಡ್ದೆ."

ಜೋಡಿ ಕಟ್ಟಿದ್ರು!

ಹಬ್ಬದ ದಿನ ಅಖಾಡದ ಸುತ್ತ ಎಳ್ಳು ಹಾಕಿದ್ರೆ ನೆಲಕ್ಕೆ ಬೀಳಂಗಿರ್ಲಿಲ್ಲ. ಅರ್ಧ ಜನ ಲಿಂಕು ಒತ್ಕೊಂಡು ಬಂದೋರೇ. ಜವರೇಶ ಅಂಗಿ ಬಿಚ್ಚಿ ತೊಡೆ ತಟ್ಟಿದ. ತಮಟೆ ಶುರುವಾಯ್ತು. ಎರಡು ಬಂಡೆ ಡಿಕ್ಕಿ ಹೊಡ್ದಂಗೆ ಹಿಡ್ಕೊಂಡ್ರು. ಇವನು ತಳ್ಳಿದ್ರೆ ಅವನು ಅಲ್ಲಾಡ, ಅವನು ಎಳೆದ್ರೆ ಇವನು ಅಲ್ಲಾಡ. ಬಿಸಿಲು ಇಳೀತು, ಜನ ಕೂಗಿ ಗಂಟಲು ಕಟ್ಕೊಂಡ್ರು. ಕೊನೆಗೆ ಜವರೇಶ ಅವನ ಸೊಂಟದಡಿ ನುಗ್ಗಿ, ಹೆಗಲಿಗೆ ಹೊತ್ತು, ಎತ್ತಿ ಕೆಡವಿದ. ಬೆನ್ನು ನೆಲಕ್ಕೆ. ಚಿತ್!

ಜನ ಜವರೇಶನ್ನ ಹೊತ್ಕೊಂಡು ಕುಣಿದ್ರು. ಹೊರೋದಕ್ಕೆ ಹತ್ತಾರು ಜನ ಬೇಕಾಯ್ತು ಅನ್ನಿ. ತಿಬ್ಬಯ್ಯ ಮಾತ್ರ ಸೋತ ಹುಡುಗನ ತಾವ ಹೋಗಿ, ಹಿಡಿ ಮಣ್ಣು ತಗೊಂಡು ಅವನ ಹಣೆಗೆ ಹಚ್ಚಿದ. "ನೀನು ಬರ್ದಿದ್ರೆ ನಮ್ಮೋನು ಇವತ್ತು ಗಿರಣೀಲಿರ್ತಿದ್ದ ಕಣ್ಲಾ. ಮುಂದಿನ ಹಬ್ಬಕ್ಕೂ ಬಾ. ಗೆಲ್ಲಕ್ಕೇ ಬಾ."

ಬುಡೇನ್ ಸಾಬ್ ಪಕ್ಕಕ್ಕೆ ಬಂದು ಮೊಣಕೈಲಿ ತಿವಿದ. "ಎಲ್ಲಾ ಸರಿ ತಿಬ್ಬಯ್ಯ, ನಿನ್ನ ಮೀಸೆ ಫೋಟೋ ಕಾಣಲ್ವಲ್ಲ? ತೆಗೆದ್ಬುಟ್ಯಾ?"

ತಿಬ್ಬಯ್ಯ ಮೀಸೆ ತಿರುವ್ದ.

"ತೀರಾ ಕೆಳಗೆ ಐತೆ. ಬೇಕಾದ್ರೆ ಬಗ್ಗಿ ನೋಡು."

ನೀತಿ: ಬಾಗ್ಲು ತಗ್ಗಿರ್ಲಿ, ಮರೆಯಾಗಿರೋದು ಬೇಡ. ಬೇರೆಯವರ ಮನೆಗೆ ದಾರಿ ತೋರಿಸೋ ಪುಟಾನ ಬಂದೋರ ಕಣ್ಣಿಗೆ ಮೊದಲೇ ಬೀಳಂಗೆ ಇಡಿ. ಮಂದಿ ಹೆಸರು ಬಚ್ಚಿಟ್ಟೋನಿಗೆ ಜೋಡಿ ಸಿಕ್ಕಲ್ಲ, ಜೋಡಿ ಇಲ್ದೋನಿಗೆ ಗೆಲುವೂ ಇಲ್ಲ.