ಉಸಿರು ಕಟ್ಟಿದ ಲಾರಿ, ಅಡ್ಡ ತೆಗೆದ ಕೊಟ್ರ

ಶಿವ ಕೆಲವರಿಗೆ ಬುದ್ಧಿ ಕೊಟ್ಟ, ಕೆಲವರಿಗೆ ಬುದ್ಧಿ ಹೇಳೋರನ್ನ ಕೊಟ್ಟ. ನಮ್ಮ ಕೊಟ್ರನಿಗೆ ಕೊಟ್ಟಿದ್ದು ಎರಡನೆಯದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಪಾಪ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ವಯಸ್ಸು ಮೂವತ್ತು. ತಾಯಿ ಹುಲಿಗೆವ್ವ ದಿನಾ ದೀಪ ಹಚ್ಚುವಾಗ ಬೇಡುತ್ತಿದ್ದಳು, "ನಮ್ಮಪ್ಪಾ, ಇವನ ತಲಿಯಾಗ ಸಾಸಿವೆಯಷ್ಟು ಬೆಳಕು ಹಾಕು!"

ಹುಲಿಗೆವ್ವನಿಗೆ ಗಂಡ ಬಿಟ್ಟುಹೋದದ್ದು ಎರಡು. ಒಂದು ಹಳೇ ಡೀಸೆಲ್ ಲಾರಿ, ಇನ್ನೊಂದು ಸೇವೆ. ಪ್ರತಿ ಹುಣ್ಣಿಮೆಗೆ ಗುಡ್ಡದ ಮೇಲಿನ ಮಠಕ್ಕೆ ದಾಸೋಹದ ಜೋಳ ಏರಿಸುವ ಸೇವೆ. ಹದಿನೆಂಟು ವರ್ಷ ತಪ್ಪಿರಲಿಲ್ಲ. ಹೋದ ಹುಣ್ಣಿಮೆಗೆ ಲಾರಿ ಅರ್ಧ ಗುಡ್ಡದಲ್ಲಿ ಕರಿಹೊಗೆ ಕಾರಿ, ಕೆಮ್ಮಿ, ನಿಂತೇಬಿಟ್ಟಿತು. ಉಂಡು ಹೋಗಬೇಕಾದ ಭಕ್ತರು ಕಾದು ಕೂತರು. ಮಠದ ಸ್ವಾಮಿಗಳಾದ ಅಜ್ಜನವರು ಸಿಟ್ಟಾಗಲಿಲ್ಲ. "ಬರೋ ಹುಣ್ಣಿವಿಗೂ ಏರದಿದ್ದರ ಸೇವಾ ಬ್ಯಾರೇದವರಿಗೆ ಬಿಡವ್ವ" ಎಂದರು, ಅಷ್ಟೇ. ಹುಲಿಗೆವ್ವನಿಗೆ ಅನ್ನ ಸೇರಲಿಲ್ಲ.

ಲಾರಿ ದಾದಾಪೀರ್ ಮೇಸ್ತ್ರಿಯ ಗ್ಯಾರೇಜಿಗೆ ಬಂತು. ಮೇಸ್ತ್ರಿ ಬಾನೆಟ್ ಎತ್ತಿ ನೋಡಿದ.

"ಅಕ್ಕಾ, ಇಂಜಿನ್ನಿಗೆ ಜಡ್ಡಿಲ್ಲ. ಉಸಿರಾಡಾಕ ಗಾಳಿ ಸಿಗವಲ್ದು. ಗಾಳಿ ಹೋಗೋ ದಾರಿ ಎಲ್ಲಾ ಬಿಡಿಸಬೇಕು. ನಿನ್ನ ಮಗನ್ನ ಕೈಗೆಲಸಕ್ಕೆ ಬಿಡು."

"ಬಿಡತೀನಿ ತಮ್ಮಾ. ಆದರ ದೇವರ ಮ್ಯಾಲೆ ಭಾರ ಹಾಕಿ ಕೆಲಸ ಹೇಳು!"

ಮೇಸ್ತ್ರಿ ಧೂಳು ತುಂಬಿದ ಏರ್ ಫಿಲ್ಟರ್ ಬಿಚ್ಚಿ ಕೊಟ್ಟ. "ಲೇ ಕೊಟ್ರಾ, ಇದನ್ನ ಸ್ವಚ್ಛ ಮಾಡು."

ಸ್ವಚ್ಛ ಮಾಡುವುದೆಂದರೆ ಏನು? ಅವ್ವ ಕಲಿಸಿದ್ದಳಲ್ಲ! ಕೊಟ್ರ ಕಾಲುವೆಗೆ ಹೋದ. ನೆನೆಸಿದ, ಸಾಬೂನು ಹಚ್ಚಿದ, ಕಲ್ಲಿಗೆ ಎತ್ತಿ ಬಡಿದ, ಹಿಂಡಿದ, ಬೇಲಿಯ ಮೇಲೆ ಒಣಹಾಕಿದ. ಅದೋ ಕಾಗದದ ಫಿಲ್ಟರ್!

"ಅಯ್ಯೋ ಪುಣ್ಯಾತ್ಮಾ!" ಮೇಸ್ತ್ರಿ ಹಣೆ ಬಡಿದುಕೊಂಡ. "ನೀರು ಮುಟ್ಟಿಸಬಾರದಲೇ! ಬರೇ ಗಾಳಿಯಿಂದ ಕೊಳೆ ತೆಗೀಬೇಕು, ಬರೇ ಗಾಳಿ!"

"ಹೂಂ ಮಾಮಾ. ಇನ್ನ ಬರೇ ಗಾಳಿ."

ಹೊಸ ಫಿಲ್ಟರ್ ಬಂತು. ಮೇಸ್ತ್ರಿ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ಇಳಿಸಿದ. ಗಾಳಿ ಒಳಗೆ ಹೋಗುವ ತೂತುಗಳಲ್ಲಿ ಎರಕ ಹೊಯ್ದಾಗ ಉಳಿದ ಕಬ್ಬಿಣದ ಗಂಟು, ಅದರ ಮೇಲೆ ಗಟ್ಟಿ ಮಸಿ. "ನಾನು ನಮಾಜ್ ಮುಗಿಸಿ ಬರ್ತೀನಿ. ಅಷ್ಟರಾಗ ಈ ಮಸಿ ತೆಗೆದಿಡು. ಆಮ್ಯಾಲೆ ತೂತು ಸಾಣೆ ಹಿಡಿದು ನಯ ಮಾಡೋಣು."

ತಿರುಗಿ ಬಂದು ನೋಡಿದರೆ ಕೊಟ್ರ ಹೆಡ್ಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅವ್ವನ ಬೀಸಣಿಗೆ ಹಿಡಿದು ಬೀಸುತ್ತಿದ್ದಾನೆ. ಬೆವರು ಇಳಿಯುತ್ತಿದೆ.

"ಏನಲೇ ಇದು? ಹೆಡ್ಡಿಗೆ ಸೆಕೆ ಆಗೇತೇನು?"

"ಬರೇ ಗಾಳಿ ಅಂದ್ಯಲ್ಲ ಮಾಮಾ! ಮಸಿ ಇನ್ನೂ ಎದ್ದಿಲ್ಲ."

"ಯಾ ಅಲ್ಲಾ! ತಿಕ್ಕಬೇಕಲೇ, ತಿಕ್ಕಬೇಕು! ಮ್ಯಾಲೆ ಏನೈತೋ ಅದೆಲ್ಲಾ ಹೋಗೋ ಹಂಗ ತಿಕ್ಕು!"

"ಹೂಂ ಮಾಮಾ. ಇನ್ನ ತಿಕ್ಕತೀನಿ."

ಮೇಸ್ತ್ರಿಯೇ ಮಸಿ ಕೆರೆದ, ತೂತುಗಳನ್ನು ಸಾಣೆ ಹಿಡಿದು ಕನ್ನಡಿಯಂತೆ ನಯ ಮಾಡಿದ. ವಾಲ್ವುಗಳೆಂದರೆ ಗಾಳಿಗೆ ಬಾಗಿಲು ಇದ್ದ ಹಾಗೆ. ಹನ್ನೆರಡನ್ನೂ ಅದರದರ ಜಾಗದಲ್ಲೇ ಪೇಸ್ಟ್ ಹಚ್ಚಿ ಅರೆದು ಕೂರಿಸಿದ, ಅದಲುಬದಲು ಆಗದಿರಲೆಂದು ಬಣ್ಣದಲ್ಲಿ ನಂಬರ್ ಬರೆದ. ಮತ್ತೆ ಹೊರತೆಗೆದು "ಎಲ್ಲಾ ಒರೆಸಿ ಕೊಡು" ಎಂದು ಕೊಟ್ರನ ಮುಂದಿಟ್ಟ.

ಕೊಟ್ರ ತಿಕ್ಕಿದ. ಮೇಲೆ ಏನಿತ್ತೋ ಅದೆಲ್ಲ ಹೋಗುವ ಹಾಗೆ ತಿಕ್ಕಿದ. ಹನ್ನೆರಡೂ ಫಳಫಳ. ಒಂದರ ಮೇಲೂ ನಂಬರಿಲ್ಲ!

"ಎರಡು ದಿನದ ಕೆಲಸ ಹೊಳ್ಳಿ ಮಾಡಬೇಕಲ್ಲೋ!" ಮೇಸ್ತ್ರಿ ನೆಲಕ್ಕೆ ಕೂತ. "ಕೇಳಿಲ್ಲಿ. ಯಾವುದು ಎಲ್ಲಿತ್ತೋ ಅದು ಅಲ್ಲೇ ಇರಬೇಕು. ತಿಳೀತೇನು?"

"ತಿಳೀತು ಮಾಮಾ. ಎಲ್ಲಿತ್ತೋ ಅಲ್ಲೇ."

ಹುಣ್ಣಿಮೆಗೆ ಒಂದೇ ದಿನ. ಹುಲಿಗೆವ್ವ ಗ್ಯಾರೇಜಿನ ಬಾಗಿಲಲ್ಲೇ ಕೂತು ಶಿವ ಶಿವ ಅನ್ನುತ್ತಿದ್ದಳು. ಮೇಸ್ತ್ರಿ ರಾತ್ರಿಯೆಲ್ಲ ಕೂತು ಹೊಳ್ಳಿ ಎಲ್ಲ ಅರೆದು ಹೆಡ್ ಕೂರಿಸಿದ. ಗಾಳಿ ಪೈಪಿನೊಳಗೆ ಕಸ ಬೀಳದಿರಲೆಂದು ತುರುಕಿದ್ದ ಅರಿವೆ ಎಳೆದು ಬಿಸಾಕಿ, ಪೈಪು ಬಿಗಿಯಲು ಕೊಟ್ರನಿಗೆ ಹೇಳಿ ಕೈ ತೊಳೆಯಲು ಹೋದ. ಕೊಟ್ರ ನೋಡಿದ. ಅರಿವೆ ಎಲ್ಲಿತ್ತು? ಪೈಪಿನೊಳಗೆ. ಎಲ್ಲಿತ್ತೋ ಅಲ್ಲೇ ತುರುಕಿ ಬಿಗಿದ.

ಸ್ಟಾರ್ಟ್ ಮಾಡಿದರೆ ಲಾರಿ "ಗುಕ್, ಗುಕ್" ಎಂದು ಸತ್ತಿತು. ಬಿಚ್ಚಿ ನೋಡಿದ ಮೇಸ್ತ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹುಲಿಗೆವ್ವ ಮಾತ್ರ ಅತ್ತಳು.

"ನನ್ನಪ್ಪಾ ಕೊಟ್ರಾ, ನಿನ್ನ ಕಾಲಿಗೆ ಬೀಳತೀನಿ! ಗಾಳಿಗೆ ಏನ ಅಡ್ಡ ಬರಲಿ, ಎತ್ತಿ ಹೊರಗ ಹಾಕೋ!"

"ಅಳಬ್ಯಾಡಬೇ. ಹಾಕತೀನಿ."

ಹುಣ್ಣಿಮೆಯ ಬೆಳಿಗ್ಗೆ ಅರವತ್ತು ಚೀಲ ಜೋಳ ಹೇರಿದರು. ಮೇಸ್ತ್ರಿಯೇ ಸ್ಟೇರಿಂಗ್ ಹಿಡಿದ, ಪಕ್ಕದಲ್ಲಿ ಹುಲಿಗೆವ್ವ. ಕೊಟ್ರ ಚೀಲಗಳ ಮೇಲೆ. ಗುಡ್ಡ ಶುರುವಾಯಿತು. ಲಾರಿ ಆಮೆಯಂತೆ ಏರತೊಡಗಿತು. ಕೊಟ್ರ ನೋಡಿದ, ಕ್ಯಾಬಿನ್ನಿನ ಹಿಂದೆ ಎದ್ದಿದ್ದ ಗಾಳಿ ಪೈಪಿನ ಬಾಯಿಗೆ ಒಂದು ಚೀಲ ಒತ್ತಿಕೊಂಡಿದೆ. ಅಡ್ಡ! ಎತ್ತಿ ರಸ್ತೆಬದಿಯ ಹುಲ್ಲಿಗೆ ಹಾಕಿದ. ಲಾರಿಗೆ ಉಸಿರು ಬಂತು! ಅದರ ಹಿಂದೆ? ಇನ್ನೊಂದು ಚೀಲ. ಅದೂ ಅಡ್ಡ. ಅದರ ಹಿಂದೆ ಇನ್ನೊಂದು. ಒಂದೊಂದಕ್ಕೂ "ಶಿವಾ" ಎಂದು ಕೈಮುಗಿದು ಹಾಕಿದ.

ಲಾರಿ ಜಿಂಕೆಯಾಯಿತು.

"ನೋಡಕ್ಕಾ, ನೋಡು!" ಮೇಸ್ತ್ರಿ ಸೀಟಿನಲ್ಲೇ ಕುಣಿದ. "ತೂತು ನಯ ಮಾಡಿದ್ದು ಹೆಂಗ ಎಳ್ಯಾಕತ್ತೇತಿ! ಫಸ್ಟ್ ಬಿಟ್ಟು ಸೆಕೆಂಡ್ ಗೇರಿನಾಗ ಗುಡ್ಡ ಏರಾಕತ್ತೇವಿ!"

"ನಿನ್ನ ಕೈಗೆ ದೇವರು ಬಂದಾನ ತಮ್ಮಾ!"

ಮಠದ ಅಂಗಳದಲ್ಲಿ ಲಾರಿ ನಿಂತಿತು. ಅಜ್ಜನವರು ಬಂದರು. ಹಿಂದಿನ ಬಾಗಿಲು ತೆಗೆದರೆ ಒಂದು ಕಾಳಿಲ್ಲ! ಹುಲಿಗೆವ್ವ ಅಲ್ಲೇ ಕುಸಿದಳು. "ಹದಿನೆಂಟು ವರ್ಷದ ಸೇವಾ ಮುಗೀತೋ ನನ್ನಪ್ಪಾ!"

ಆಗ ಕೆಳಗಿನಿಂದ "ಹರ ಹರ" ಎಂಬ ಕೂಗು. ಕಾಲ್ನಡಿಗೆಯ ಭಕ್ತರು. ರಸ್ತೆಯುದ್ದಕ್ಕೂ ಚೀಲ ಕಂಡು, ನಡೆದು ಬರುವವರಿಗಾಗಿ ಮಠದವರೇ ಇಟ್ಟ ಸೇವೆ ಎಂದುಕೊಂಡು, ಕೆಲವರು ಒಬ್ಬೊಬ್ಬರೇ, ಕೆಲವರು ಇಬ್ಬಿಬ್ಬರಾಗಿ ಹೊತ್ತು ತಂದಿದ್ದರು. ಅರವತ್ತೂ ಬಂತು. ಅಂಬಲಿಯ ಕೊಪ್ಪರಿಗೆ ಹೊತ್ತಿಗೆ ಸರಿಯಾಗಿ ಕುದಿಯಿತು.

ಅಜ್ಜನವರು ನಕ್ಕು ಹುಲಿಗೆವ್ವನ ತಲೆಯ ಮೇಲೆ ಕೈಯಿಟ್ಟರು. "ಸೇವಾ ನಿನ್ನದೇ ತಾಯೀ. ನಿನ್ನ ಮಗ ಊರಿಗೆಲ್ಲ ಸೇವಾದಾಗ ಪಾಲು ಹಂಚ್ಯಾನ." ಆಮೇಲೆ ಕೊಟ್ರನ ಕಡೆ ತಿರುಗಿದರು. "ಲಾರಿ ಈಗ ಚಲೋ ಏರತೈತೇನಪಾ?"

"ಇನ್ನೂ ಜೋರ್ ಏರತಿತ್ತ್ರಿ ಅಜ್ಜಾ" ಎಂದ ಕೊಟ್ರ, ಕೈಮುಗಿದು. "ಚೀಲ ಎಲ್ಲಾ ಹೊರಗ ಹಾಕಿದೆ, ಆದರ ಎಲ್ಲಾರಿಗಿಂತ ಮುಂದ ಮಾಮಾ ಗಾಳಿಗೆ ಅಡ್ಡ ಕುಂತಿದ್ದ. ಎತ್ತಿ ಹೊರಗ ಹಾಕಾಕ ಕ್ಯಾಬಿನ್ನಿಗೆ ಇಳಿಯಾಕತ್ತಿದ್ದೆ, ಅಷ್ಟರಾಗ ಗುಡ್ಡ ಮುಗೀತು!"